ಹತ್ತು ದಿನದ ಮಿಷನ್, ಗುರುವಾರದ ಬಸ್ಸು

ಹೋದ ಸುಗ್ಗಿ ಹಬ್ಬದ ಲಿಲಾವಿನಲ್ಲಿ ನಮ್ಮ ಸಭೆಯ ಒಂದು ಕುಂಬಳಕಾಯಿ 4,200 ರೂಪಾಯಿಗೆ ಹೋಯಿತು.

ನಮ್ಮ ಕಡೆಯ ಚರ್ಚುಗಳ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಹೊಲ ಇದ್ದವರು ಜೋಳ, ಕಡಲೆ, ಮೆಣಸಿನಕಾಯಿ ತರುತ್ತಾರೆ. ಇಲ್ಲದವರು ಕೋಳಿ, ತತ್ತಿ, ಒಂದು ಬಾಟಲಿ ಗುರೆಳ್ಳು ಚಟ್ನಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ಕೊಂಡವರು ಎಷ್ಟೋ ಸಲ ಕೊಂಡದ್ದನ್ನು ಅಲ್ಲೇ ತಿರುಗಿ ಕೊಟ್ಟುಬಿಡುತ್ತಾರೆ, ಅದನ್ನು ಮತ್ತೆ ಕೂಗುತ್ತಾರೆ. ಆ ಕುಂಬಳಕಾಯಿಯೂ ಹಾಗೇ ಮೂರು ಸಲ ಕೈ ಬದಲಿಸಿತು. ಅದನ್ನು ತಂದಿದ್ದು ಕುಂದಗೋಳ ಕಡೆಯ ಒಬ್ಬ ಅಜ್ಜಿ. ಮೂರನೇ ಸಲ ಕೂಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ‘ಇಷ್ಟ್ ರೊಕ್ಕಾ ಬರ್ತದಂದ್ರ ಬಳ್ಳೀನ ಕಿತ್ಕೊಂಡ್ ಬರ್ತಿದ್ನೆಲ್ಲ ಯವ್ವಾ’ ಅಂದಳು ನನಗೆ.

ಆ ರೊಕ್ಕ ‘ಮಿಷನ್ ನಿಧಿ’ಗೆ. ಮುಂದಿನ ವಾರ ಕಮಿಟಿಯವರು ಪ್ರಕಟಣೆ ಓದಿದರು: ನಮ್ಮ ಸಭೆಯಿಂದ ಆರು ಮಂದಿಯ ತಂಡ ಹತ್ತು ದಿನಕ್ಕೆ ಕೆನ್ಯಾಕ್ಕೆ. ಎರಡು ವರ್ಷದ ಹಿಂದೆಯೂ ಹೋಗಿದ್ದರು, ಇದು ಎರಡನೇ ಸಲ. ಖರ್ಚು ಒಬ್ಬರಿಗೆ ಲಕ್ಷದ ಮೇಲೆ. ಅರ್ಧ ಅವರವರದು, ಅರ್ಧ ನಿಧಿಯದು.

ಮಹಾಸಭೆಯಲ್ಲಿ ನಾನು ಎದ್ದು ನಿಂತೆ. ಅವತ್ತು ಅಲ್ಲಿ ಹೇಳಿದ್ದು, ಹೇಳಲಿಕ್ಕೆ ಬಿಡದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ‘ಅಕ್ಕಾರು ಮಿಷನ್ ವಿರೋಧಿ’ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಸುದ್ದಿ ಓಡಾಡಿದೆ. ನಮ್ಮ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ಅಂದು ‘ಈ ವಿಷಯಕ್ಕ ಪ್ರಾರ್ಥನಾ ಮಾಡೋಣ್ರಿ’ ಅಂದರು. ನಮ್ಮಲ್ಲಿ ಪ್ರಾರ್ಥನೆ ಮಾಡೋಣ ಅಂದರೆ ಫೈಲು ಮುಚ್ಚಿತು ಅಂತ ತಿಳಿಯಬೇಕು.

ಮೊದಲಿಗೆ ಒಂದು ಮಾತು. ‘ಇಲ್ಲೇ ಬಡವರು ಅದಾರ, ಅಲ್ಲಿಗ್ಯಾಕ ಹೋಗಬೇಕು’ ಅನ್ನುವ ವಾದ ನನ್ನದಲ್ಲ. ಹಾಗಂದರೆ ನಾನು ಕೂತ ಟೊಂಗೆಯನ್ನೇ ಕಡಿದಂತೆ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಬಂದು ಕೂತರು. ಅವರ ಊರಲ್ಲಿ ಬಡವರು ಇರಲಿಲ್ಲವೇ? ಮಿಷನ್ ನಡೆಸಿದ ರೊಕ್ಕವೇ ಬಹುಪಾಲು ಸಣ್ಣವರ ಮನೆಯದು. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ‘ಅರ್ಧ ಬಾಟ್ಸನ್’ ವಂತಿಗೆ ಅಂತ ಶುರುವಾಯಿತು. ವಾರಕ್ಕೆ ಒಬ್ಬರು ಅರ್ಧ ಬಾಟ್ಸನ್, ಅಂದರೆ ಐದು ಪೈಸೆಯಂಥ ಒಂದು ಚಿಲ್ಲರೆ ನಾಣ್ಯ, ಕೊಡುವುದು. ಅದನ್ನು ಮನೆ ಮನೆಗೆ ಹೋಗಿ ಕೂಡಿಸುವುದು. ನಮ್ಮ ಮಠಗಳ ಜೋಳಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1876–78ರ ಬರದಲ್ಲಿ ಅಪ್ಪ ಅವ್ವನನ್ನು ಕಳಕೊಂಡು ಮಿಷನ್‌ನವರ ಆಸರೆಗೆ ಬಂದ ಒಂದು ಹುಡುಗನ ವಂಶ ನಮ್ಮದು. ಆ ಹುಡುಗ ಉಂಡ ಅಂಬಲಿಯಲ್ಲಿ ಯಾರೋ ಮುಖ ಕಾಣದ ಹೆಣ್ಣುಮಗಳ ಅರ್ಧ ಬಾಟ್ಸನ್ ಇತ್ತು. ಹೊರದೇಶಕ್ಕೆ ಯಾಕೆ ಅಂತ ನಾನು ಹೆಂಗ ಕೇಳಲಿ?

ನನ್ನ ಪ್ರಶ್ನೆ ಬೇರೆ. ಹತ್ತು ದಿನ ಯಾಕೆ?

ಹೋದ ಸಲ ಹೋಗಿ ಬಂದ ಒಬ್ಬ ಹುಡುಗ, ಒಳ್ಳೆ ಹುಡುಗ, ನನ್ನ ಸಂಡೇಸ್ಕೂಲಿನಲ್ಲೇ ಬೆಳೆದವ, ಸಭೆಯಲ್ಲಿ ಫೋಟೊ ತೋರಿಸಿದ. ಮಕ್ಕಳ ಜೊತೆ ಸೆಲ್ಫಿ. ಗೋಡೆಗೆ ಬಣ್ಣ ಹಚ್ಚುವುದು. ಒಂದು ಫೋಟೊದಲ್ಲಿ ಆರೇಳು ವರ್ಷದ ಹುಡುಗಿ ಅವನ ಹೆಗಲ ಮೇಲೆ ಕೂತಿತ್ತು. ‘ಬಾಳ ಹಚ್ಕೊಂಡಿತ್ರಿ ಆಂಟಿ ನನ್ನ’ ಅಂದ. ‘ಏನ್ ಹೆಸರಪಾ ಅದರದು?’ ಅಂದೆ. ಅವ ಫೋನು ನೋಡಿದ, ಗೋಡೆ ನೋಡಿದ. ಗೊತ್ತಿರಲಿಲ್ಲ. ತಪ್ಪು ಅವನದಲ್ಲ. ಸ್ವಾಹಿಲಿಯ ಒಂದೆರಡು ಶಬ್ದ ಕಲಿಸದೆ ಕಳಿಸಿದ ನಮ್ಮದು. ಆ ಊರಿನ ಪೇಂಟರು ಎರಡು ದಿನದಲ್ಲಿ ಮುಗಿಸಿ ಕೂಲಿ ಒಯ್ಯುತ್ತಿದ್ದ ಗೋಡೆಗೆ ನಾವು ಆರು ಟಿಕೆಟ್ಟಿನ ಬಣ್ಣ ಹಚ್ಚಿಸಿದೆವು.

ಈಗ ಕಿಟ್ಟೆಲ್ ನೋಡ್ರಿ. ಹೆಸರು ಹೇಳಿದರೆ ಧಾರವಾಡದ ಆಟೊದವರೂ ಕಾಲೇಜಿನ ಮುಂದೆ ನಿಲ್ಲಿಸುತ್ತಾರೆ. 1853ರಲ್ಲಿ ಬಂದವರು, ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ಸುಮಾರು ಎಪ್ಪತ್ತು ಸಾವಿರ ಶಬ್ದ. ಸುವಾರ್ತೆ ಹೇಳಲಿಕ್ಕೆ ಬಂದ ಮನುಷ್ಯ ಶಬ್ದ ಆರಿಸುತ್ತ ಕೂತರೆ ಕಳಿಸಿದವರಿಗೆ ಒಳಗೊಳಗೆ ಬೇಸರ ಇದ್ದೇ ಇರುತ್ತದೆ. ‘ಇವ ಅಲ್ಲಿ ಏನ್ ಮಾಡಾಕತ್ಯಾನ?’ ಅಂತ ಕಮಿಟಿಯವರು ಕೇಳದ ದೇಶ ಯಾವುದಿದ್ದೀತು! ಆದರೆ ಇವತ್ತು ಜಾತಿ ಮತ ಕೇಳದೆ ಕನ್ನಡದ ಮಂದಿ ನೆನೆಯುವುದು ಆ ಶಬ್ದಗಳಿಗಾಗಿ. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್‌ರದೂ ಅದೇ ಕಥೆ. ಮೊದಲು ನಮ್ಮ ಮಾತು ಕಲಿತರು, ಆಮೇಲೆ ತಮ್ಮದು ಹೇಳಿದರು. ಮಾತು ಕಲಿಯುವಾಗ ಕಲಿಸುವವ ದೊಡ್ಡವನಾಗುತ್ತಾನೆ. ಹೋದವ ತಪ್ಪು ಮಾತಾಡಿ ನಗಿಸಿಕೊಳ್ಳಬೇಕಾಗುತ್ತದೆ. ನಮ್ಮ ಹತ್ತು ದಿನದ ತಂಡಗಳಿಗೆ ಹಾಗೆ ನಗಿಸಿಕೊಳ್ಳುವಷ್ಟು ಪುರಸೊತ್ತೇ ಇರುವುದಿಲ್ಲ.

ಎಲ್ಲ ಬಿಳಿಯರೂ ಹಿಂಗೇ ಇದ್ದರು ಅಂತ ನಾನು ಹೇಳುತ್ತಿಲ್ಲ. ನಮ್ಮ ದೇವರು, ನಮ್ಮ ಹಾಡು, ನಮ್ಮ ಊಟ ಎಲ್ಲವನ್ನೂ ಕೀಳಾಗಿ ಕಂಡವರೂ ಇದ್ದರು. ಗದಗಿನ ಮಗ್ಗುಲಿಗೆ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ಒಕ್ಕಲುತನದ ವಸಾಹತು ಮಾಡಿದರು. ಮಂದಿ ಗುಂಪು ಗುಂಪಾಗಿ ಬರುತ್ತಾರೆ, ಹೊಲ ಕೊಟ್ಟು ನೆಲೆ ನಿಲ್ಲಿಸೋಣ ಅಂತ ಲೆಕ್ಕ. ಮಂದಿ ಬರಲಿಲ್ಲ. ಯೋಜನೆ ಮೊದಲು ತಯಾರಾಗಿ ಮನುಷ್ಯರು ಆಮೇಲೆ ಬರಬೇಕಾದಲ್ಲೆಲ್ಲ ಹಿಂಗೇ ಆಗುತ್ತದೆ.

1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಪ್ರೊಟೆಸ್ಟಂಟ್ ಮಿಷನ್‌ಗಳೆಲ್ಲ ಕೂಡಿದ ಸಮ್ಮೇಳನದಲ್ಲಿ ನಮ್ಮ ದಕ್ಷಿಣದವರೇ ಆದ ವಿ.ಎಸ್. ಅಜರಯ್ಯ ಎದ್ದು ನಿಂತು ಬಿಳಿಯ ಮಿಷನರಿಗಳಿಗೆ ಹೇಳಿದ್ದು ಇದನ್ನೇ. ನಿಮ್ಮ ತ್ಯಾಗ ದೊಡ್ಡದು, ಆಸ್ತಿ ಕೊಟ್ಟಿರಿ, ಪ್ರಾಣ ಕೊಟ್ಟಿರಿ, ಪ್ರೀತಿಯನ್ನೂ ಕೊಡಿರಿ, ನಮಗೆ ಗೆಳೆಯರು ಬೇಕು ಅಂದರು. ಎರಡು ವರ್ಷದ ಮೇಲೆ ತೆಲುಗು ನಾಡಿನ ದೋರ್ನಕಲ್‌ನ ಬಿಷಪ್ ಆದರು, ಆಂಗ್ಲಿಕನ್ ಸಭೆಗೆ ಮೊದಲ ಭಾರತೀಯ ಬಿಷಪ್. ಆವತ್ತು ನಾವು ಕೇಳುವ ಕಡೆ ಇದ್ದೆವು. ಇವತ್ತು ಕೆನ್ಯಾದ ಆ ಊರಿನವರು ಕೇಳುವ ಕಡೆ ಇದ್ದಾರೆ, ನಾವು ಹೆಗಲ ಮೇಲೆ ಮಗು ಕೂರಿಸಿಕೊಂಡ ಕಡೆ.

ಮನೆ ಕಡೆಯ ಮಿಷನ್ ಬಗ್ಗೆಯೂ ಹೇಳಬೇಕು, ಯಾಕಂದರೆ ಅಲ್ಲೂ ನಮ್ಮದು ಹೆಚ್ಚುಕಡಿಮೆ ಅದೇ ರೋಗ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ ಮುಳುಗಿದಾಗ ನಾವೂ ಒಂದು ಟೆಂಪೊ ತುಂಬಿಕೊಂಡು ಹೋದೆವು. ಬ್ಯಾನರು ಕಟ್ಟಿದ್ದೆವು. ಅಕ್ಕಿ, ಬೇಳೆ, ಚಾದರ, ಮತ್ತೆ ಸಭೆಯ ಮನೆಗಳಿಂದ ಕೂಡಿಸಿದ ಹಳೆ ಅರಿವೆ. ರಸ್ತೆ ಬದಿಗೆ ಆಗಲೇ ಬೇರೆಯವರು ಕೊಟ್ಟ ಅರಿವೆಯ ಗುಡ್ಡೆ ಬಿದ್ದಿತ್ತು, ಮಳೆಯಲ್ಲಿ ತೊಯ್ದು ನಾರುತ್ತಿತ್ತು. ನಮ್ಮ ಗಂಟಿನಿಂದ ಒಬ್ಬ ಅಜ್ಜಿ ಮಿಂಚು ಹಚ್ಚಿದ ಕೆಂಪು ಚೂಡಿದಾರ ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದನ್ನ ಹಾಕ್ಕೊಂಡ್ ನಾ ಯಾರ್ ಮದವಿಗ್ ಹೋಗ್ಲೇ ತಂಗಿ?’ ಅಂದಳು. ಆ ಚೂಡಿದಾರ ನನ್ನ ಮಗಳದು. ಅವ್ವಗ ಏನು ಬೇಕಿತ್ತು ಅಂತ ಕೇಳಿದ್ದು ಆಮೇಲೆ. ರೊಟ್ಟಿ ಹಂಚು, ಒಂದು ಪರಾತ, ಮತ್ತೆ ‘ಮನೀ ಬಿದ್ದದ್ದು ಬರಕೊಂಡ್ ಹೋಗಾಕ ಯಾರರ ಬರ್ತಾರೇನ’ ಅನ್ನುವ ಸುದ್ದಿ.

ನಮ್ಮ ತಂಡದಲ್ಲಿ ಒಬ್ಬರು ಕಾಕಾ ಇದ್ದರು. ನಿವೃತ್ತ ತಲಾಠಿ, ಅಂದರೆ ಗ್ರಾಮ ಲೆಕ್ಕಿಗ. ಸಭೆಯಲ್ಲಿ ಹಾಡುವುದಿಲ್ಲ, ಸಾಕ್ಷಿ ಹೇಳುವುದಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುವವರು. ಅಜ್ಜಿಯ ಮಾತು ಕೇಳಿ ಅವರು ಟೆಂಪೊ ಇಳಿದರು, ನಾವು ತಿರುಗಿ ಬರುವಾಗ ಹತ್ತಲಿಲ್ಲ. ಬಿದ್ದ ಮನೆಗಳನ್ನು ಆಗ ಎ, ಬಿ, ಸಿ ಅಂತ ವರ್ಗ ಮಾಡುತ್ತಿದ್ದರು. ‘ಎ’ಗೆ 5 ಲಕ್ಷ, ‘ಸಿ’ಗೆ 50 ಸಾವಿರ. ಗೋಡೆ ಎಷ್ಟು ಬಿದ್ದಿದೆ ಅಂತ ಬರೆದುಕೊಳ್ಳುವವರ ಪೆನ್ನಿನ ತುದಿಯಲ್ಲಿ ನಾಲ್ಕೂವರೆ ಲಕ್ಷದ ಫರಕು. ಮನೆ ಹತ್ತು ವರ್ಷದ ಹಿಂದೆ ಸತ್ತ ಮಾವನ ಹೆಸರಿನಲ್ಲಿ ಇರುತ್ತದೆ, ಉತಾರ ಹೊಳೆಗೆ ಹೋಗಿರುತ್ತದೆ, ಆಧಾರಿನಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು. ಮೂವತ್ತು ವರ್ಷ ಇದೇ ಕಾಗದದ ನಡುವೆ ಕೂತವರಿಗೆ ಎಲ್ಲಿ ಗಂಟು ಬೀಳುತ್ತದೆ ಅಂತ ಕಣ್ಣು ಮುಚ್ಚಿದರೂ ಗೊತ್ತು. ಗುಡಿಯ ಕಟ್ಟೆಯ ಮೇಲೆ ಒಂದು ಮುರುಕು ಟೇಬಲ್ ಹಾಕಿಸಿಕೊಂಡು ಅರ್ಜಿ ಬರೆಯಲಿಕ್ಕೆ ಕೂತರು. ಹೌದು, ಹನುಮಪ್ಪನ ಗುಡಿ ಕಟ್ಟೆ. ಒಣಗಿದ ಜಾಗ ಅದೊಂದೇ ಇತ್ತು.

ಎರಡನೇ ದಿನ ಒಬ್ಬ ಬಂದು ಕೇಳಿದನಂತೆ, ‘ಸಾಹೇಬ್ರ, ನೀವು ಕಿರಿಸ್ತಾನರಂತ. ಇದಕ್ಕ ಸಹಿ ಮಾಡಿದ್ರ ನಿಮ್ಮ ಜಾತ್ಯಾಗ ಹಾಕ್ಕೋತೀರೇನ್ರಿ?’ ಕಾಕಾ ಕನ್ನಡಕದ ಮೇಲಿಂದ ನೋಡಿ, ‘ಮದಲ ನಿಮ್ಮಪ್ಪನ ಮರಣದ ದಾಖಲೆ ತಗೊಂಡ್ ಬಾ, ಜಾತಿ ಆಮೇಲೆ ನೋಡೂಣಂತ’ ಅಂದರಂತೆ.

ಈ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ಇಲ್ಲವಾದರೆ ಕೆಳಗೆ ಯಾರಾದರೂ ಕೇಳೇ ಕೇಳುತ್ತೀರಿ. ಮತಾಂತರದ ಬಗ್ಗೆ ನನ್ನ ಅಭಿಪ್ರಾಯ ಸೀದಾ ಇದೆ. ಯಾರಾದರೂ ನನ್ನ ನಂಬಿಕೆಯ ಬಗ್ಗೆ ಕೇಳಿದರೆ ಸಂತೋಷದಿಂದ ಹೇಳುತ್ತೇನೆ, ಅದು ನನ್ನ ಹಕ್ಕು, ಕೇಳುವುದು ಅವರ ಹಕ್ಕು. ಆದರೆ ಅಕ್ಕಿ ಚೀಲದೊಳಗೆ ಕರಪತ್ರ ಸೇರಿಸಿ ಕೊಡುವುದು ನನಗೆ ಆಗಿಬರುವುದಿಲ್ಲ. ಅಕ್ಕಿಗೂ ಮರ್ಯಾದೆ ಇಲ್ಲ, ದೇವರ ವಾಕ್ಯಕ್ಕೂ ಇಲ್ಲ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ‘ಆಮಿಷ’ ಅನ್ನುವುದಕ್ಕೆ ಕೊಟ್ಟ ಅರ್ಥ ಎಷ್ಟು ಅಗಲ ಇತ್ತೆಂದರೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಕಲಿಸುವುದೂ ಅದರೊಳಗೆ ಬರುತ್ತಿತ್ತು. ಅದನ್ನು ಹಿಂದಕ್ಕೆ ತೆಗೆಯುವ ತೀರ್ಮಾನವನ್ನು 2023ರ ಜೂನ್‌ನಲ್ಲಿ ಸಂಪುಟ ಮಾಡಿತು, ನನಗೆ ಸಮಾಧಾನ ಆಯಿತು. ಹಾಗಂತ ಆ ಕಾಯ್ದೆಯ ಬೆನ್ನ ಹಿಂದೆ ನಿಂತು ನಮ್ಮ ತಪ್ಪು ಮುಚ್ಚಿಕೊಳ್ಳುವುದೂ ಸರಿಯಲ್ಲ.

ಕಾಕಾ ಆ ವರ್ಷ ಎಷ್ಟು ಅರ್ಜಿ ಬರೆದರೋ ಲೆಕ್ಕ ಇಟ್ಟಿಲ್ಲ. ನಮ್ಮ ಸಭೆಯ ವಾರ್ಷಿಕ ವರದಿಯಲ್ಲಿ ಇದ್ದದ್ದು ಒಂದೇ ಸಾಲು: ‘ನೆರೆ ಸಂತ್ರಸ್ತರಿಗೆ ಕಿಟ್ ವಿತರಣೆ’. ಜೊತೆಗೆ ಬ್ಯಾನರಿನ ಫೋಟೊ. ಕಾಕಾ ಫೋಟೊದಲ್ಲಿ ಇಲ್ಲ.

ರೊಕ್ಕದ ವಿಷಯ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಹೊರಗಿನ ದುಡ್ಡು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ಖರ್ಚಿನ ಮಿತಿ ನೂರಕ್ಕೆ ಐವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಸಣ್ಣ ಸಣ್ಣ ಸಂಸ್ಥೆಗಳಿಗೆ ಬಲವಾದ ಪೆಟ್ಟು ಬಿತ್ತು, ಅದರ ಬಗ್ಗೆ ನನಗೆ ಸಿಟ್ಟೂ ಇದೆ. ಆದರೆ ನಮ್ಮ ಕೈಯಲ್ಲಿ ಏನಿದೆ ಅಂತ ನೋಡಿಕೊಳ್ಳಲಿಕ್ಕೆ ಇದೇ ಹೊತ್ತು. ಮಿಜೋರಾಂನ ಹೆಣ್ಣುಮಕ್ಕಳು 1910ರಿಂದ ದಿನಾ ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುತ್ತ ಬಂದಿದ್ದಾರೆ. ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಆ ಹಿಡಿ ಅಕ್ಕಿಯಲ್ಲೇ ಅವರ ಮಿಷನರಿಗಳು ಹೊರರಾಜ್ಯಗಳಿಗೆ ಹೋಗಿ ವರ್ಷಗಟ್ಟಲೆ ಇರುತ್ತಾರೆ. ನಾವು ಹಿಡಿ ಜೋಳದ ಹಿಟ್ಟು ತೆಗೆದಿಡಲಾರೆವೇ? ಇದನ್ನು ಸ್ತ್ರೀ ಸಮಾಜದಲ್ಲಿ ಹೇಳಿದಾಗ ಒಬ್ಬರು ‘ಹಿಟ್ಟಿಗೆ ಹುಳಾ ಬೀಳತಾವ್ರಿ’ ಅಂದರು. ಅದೂ ಖರೆ. ಹಂಗಾದರೆ ಜೋಳವನ್ನೇ ತೆಗೆದಿಡೋಣ.

ಹೊರದೇಶ ಅಂದೆನಲ್ಲ. ನಮ್ಮ ಸಭೆಯ ಒಬ್ಬ ಹುಡುಗಿ, ಬೆಟಗೇರಿಯವಳು, ಕುವೈತಿನಲ್ಲಿ ನರ್ಸ್. ಅವಳ ಅಜ್ಜಿ ನಮ್ಮೂರವರೆಲ್ಲ ಇನ್ನೂ ‘ಜರ್ಮನ್ ದವಾಖಾನಿ’ ಅನ್ನುವ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮೊಮ್ಮಗಳು ಅಲ್ಲಿಗೆ ಹೋಗಿ ಆರು ವರ್ಷ ಆಯಿತು. ಅಲ್ಲಿ ಶುಕ್ರವಾರವೇ ಭಾನುವಾರ, ಆವತ್ತೇ ಆರಾಧನೆ. ಅದು ಮುಗಿದ ಮೇಲೆ ಆಕೆ ಮನೆಗೆಲಸಕ್ಕೆ ಬಂದ ತೆಲುಗು, ಸಿಂಹಳ ಹೆಣ್ಣುಮಕ್ಕಳ ಹತ್ತಿರ ಹೋಗುತ್ತಾಳೆ. ಡಾಕ್ಟರ ಮುಂದೆ ಅವರ ಬದಲಿಗೆ ಅರಬ್ಬಿಯಲ್ಲಿ ಮಾತಾಡುತ್ತಾಳೆ. ಅರಬ್ಬಿಯನ್ನು ವಾರ್ಡಿನಲ್ಲೇ ಕಲಿತಳು, ತಪ್ಪು ಮಾತಾಡಿ ನಗಿಸಿಕೊಂಡು. ಒಬ್ಬಾಕೆಯ ಸಂಬಳ ಎಂಟು ತಿಂಗಳಿಂದ ಬಂದಿರಲಿಲ್ಲ, ರಾಯಭಾರ ಕಚೇರಿಗೆ ಜೊತೆಗೆ ಹೋಗಿ ಮೂರು ಸಲ ಕೂತು ಬಂದಳಂತೆ. ‘ನಮ್ಮ ಸಭಾದಾಗ ನಿನ್ನ ಹೆಸರು ಮಿಷನರಿ ಅಂತ ಹಾಕ್ಸಲೇನವಾ’ ಅಂತ ಫೋನಿನಲ್ಲಿ ಕೇಳಿದೆ. ‘ಅಯ್ಯ ಬ್ಯಾಡ್ರಿ ಆಂಟಿ, ಡ್ಯೂಟಿ ತಪ್ಪಿಸ್ತಾರ’ ಅಂದು ನಕ್ಕಳು.

ಮಹಾಸಭೆಯಲ್ಲಿ ನಾನು ಇಟ್ಟ ಕೋರಿಕೆ ಎರಡೇ. ಆರು ಜನರ ಹತ್ತು ದಿನದ ರೊಕ್ಕದಲ್ಲಿ ಒಬ್ಬರನ್ನು ಒಂದು ವರ್ಷಕ್ಕೆ ಕಳಿಸೋಣ, ಆ ಊರಿನ ಸಭೆಯವರು ಯಾವ ಕೆಲಸಕ್ಕೆ ಬೇಕು ಅನ್ನುತ್ತಾರೋ ಆ ಕೆಲಸಕ್ಕೆ. ನರ್ಸೇ ಇರಲಿ, ಬೋರ್‌ವೆಲ್ ಮೆಕ್ಯಾನಿಕ್ಕೇ ಇರಲಿ. ಹೋಗುವ ಮೊದಲು ಆರು ತಿಂಗಳು ಅವರ ಭಾಷೆ ಕಲಿಯಲಿ. ಎರಡನೆಯದು, ಅವರ ಕಡೆಯಿಂದಲೂ ಒಬ್ಬರು ನಮ್ಮಲ್ಲಿಗೆ ಬಂದು ಇರಲಿ, ನಮ್ಮ ಕಿಟ್ಟು ಬ್ಯಾನರುಗಳ ಬಗ್ಗೆ ಅವರಿಗೆ ಏನನ್ನಿಸುತ್ತದೋ ಹೇಳಲಿ. ಎರಡನೇ ಕೋರಿಕೆಗೆ ಮಂದಿ ನಕ್ಕರು. ಮೊದಲನೆಯದಕ್ಕೆ ‘ಒಂದ್ ವರ್ಷ ಯಾರ್ ಹೋಗ್ತಾರ್ರಿ, ಎಲ್ಲಾರಿಗೂ ನೌಕರಿ ಅದಾವು’ ಅಂದರು. ಟಿಕೆಟ್ಟು ಆಗಲೇ ಬುಕ್ ಆಗಿದೆ ಅಂತಲೂ ಆಮೇಲೆ ತಿಳಿಯಿತು. ಹೋಗಿ ಬರಲಿ, ಸುಖವಾಗಿ ಬರಲಿ. ಈ ಸಲ ಹೋಗುವವರು ನನ್ನ ಸಲುವಾಗಿ ಇದೊಂದು ಮಾಡಿರಿ: ಆ ಹೆಗಲ ಮೇಲಿನ ಹುಡುಗಿಯ ಹೆಸರು ಕೇಳಿಕೊಂಡು ಬರ್ರಿ.

ಇನ್ನೊಂದು ಮಾತು, ಇದು ನಮ್ಮ ಸಭೆಯವರಿಗಷ್ಟೇ ಅಲ್ಲ. ಕಾಕಾ ಇನ್ನೂ ಹೋಗುತ್ತಾರೆ. ಗುರುವಾರ ಮುಂಜಾನೆ ಹುಬ್ಬಳ್ಳಿಯಿಂದ ಬಾಗಲಕೋಟಿ ಬಸ್ಸು ಹತ್ತಿ ಕೊಣ್ಣೂರಿನಲ್ಲಿ ಇಳಿಯುತ್ತಾರೆ. ಈಗ ಮನೆಯ ಅರ್ಜಿ ಕಡಿಮೆ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಗೃಹಲಕ್ಷ್ಮಿ. ಕಳೆ ತೆಗೆದು ತೆಗೆದು ಹೆಬ್ಬೆಟ್ಟಿನ ಗೆರೆ ಸವೆದ ಮುದುಕಿಯರ ಬೆರಳನ್ನು ಮೆಷಿನ್ ಒಪ್ಪುವುದಿಲ್ಲ, ಅದಕ್ಕೆ ಏನು ಮಾಡಬೇಕು ಅಂತ ಅವರಿಗೆ ಗೊತ್ತು. ಆದರೆ ಕಾಕಾನ ಎಡಗಣ್ಣಿಗೆ ಹೋದ ತಿಂಗಳು ಪೊರೆಯ ಆಪರೇಶನ್ ಆಗಿದೆ, ಮೊಬೈಲಿನ ಸಣ್ಣ ಅಕ್ಷರ ಕಾಣುವುದಿಲ್ಲ. ಓದಿ ಹೇಳಲಿಕ್ಕೆ, ಆನ್‌ಲೈನ್ ಫಾರ್ಮು ತುಂಬಲಿಕ್ಕೆ ಒಬ್ಬರು ಬೇಕು. ಯಾವ ಜಾತಿಯವರಾದರೂ ನಡೆಯುತ್ತದೆ. ಬುತ್ತಿ ಕಾಕುನೇ ಕಟ್ಟಿಕೊಡುತ್ತಾರೆ. ಬರುವವರು ಇನ್‌ಬಾಕ್ಸಿಗೆ ಬರ್ರಿ.