ಮೂರು ಸಲ ಬಿಟ್ಟ ಪುಸ್ತಕ

ಟಾಲ್‌ಸ್ಟಾಯ್ ಬರೆದ 'ಯುದ್ಧ ಮತ್ತು ಶಾಂತಿ'ಯನ್ನು ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟಿದ್ದೆ. ಪ್ರತಿ ಸಲ ಸೋತದ್ದು ಒಂದೇ ಜಾಗದಲ್ಲಿ, ಮೊದಲ ಪಾರ್ಟಿಯಲ್ಲಿ. 1805ರ ಜುಲೈ, ಪೀಟರ್ಸ್‌ಬರ್ಗ್‌ನ ಒಂದು ದೊಡ್ಡ ಮನೆ. ರಷ್ಯಾದವರೇ ಕೂತು ಫ್ರೆಂಚ್ ಭಾಷೆಯಲ್ಲಿ ನೆಪೋಲಿಯನ್‌ನನ್ನು ಬೈಯುತ್ತಿರುತ್ತಾರೆ. ಯಾರಿಗೆ ಯಾರು ಏನಾಗಬೇಕು ಅಂತಲೇ ತಿಳಿಯುವುದಿಲ್ಲ. ಹೆಸರುಗಳ ಕಥೆಯಂತೂ ಕೇಳಲೇಬೇಡಿ. ಪಿಯರ್, ಪ್ಯೋತ್ರ್ ಕಿರಿಲೊವಿಚ್, ಕೌಂಟ್ ಬೆಜುಖೋವ್ ಅಂತ ಮೂರು ಜನ ಇದ್ದಾರೆ ಅಂದುಕೊಂಡಿದ್ದೆ. ಮೂರೂ ಒಬ್ಬನೇ! ಸಾಲದ್ದಕ್ಕೆ ಅವನ ಅಪ್ಪನೂ ಕೌಂಟ್ ಬೆಜುಖೋವ್.

ನಾಲ್ಕನೇ ಸಲ ಹಠ ಬಂತು. ಒಂದು ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತಾ ಹೋದೆ. ದಿನಕ್ಕೆ ಒಂದೇ ಅಧ್ಯಾಯ, ಜಾಸ್ತಿ ಇಲ್ಲ. ಒಟ್ಟು 361 ಅಧ್ಯಾಯ, ಬಹಳಷ್ಟು ಪುಟ್ಟವೇ. ಆರನೇ ವಾರದ ಹೊತ್ತಿಗೆ ಆ ಹಾಳೆ ನೋಡುವುದನ್ನು ನಾನೇ ಮರೆತಿದ್ದೆ.

ದೊಡ್ಡ ಕಾದಂಬರಿ ಓದಿದರೆ ಏಕಾಗ್ರತೆ ಬೆಳೆಯುತ್ತದೆ ಅಂತಾರೆ. ಇರಬಹುದು. ಈ ನಾಲ್ಕು ಪ್ಯಾರಾ ಬರೆಯುವಷ್ಟರಲ್ಲಿ ಹತ್ತು ಸಲ ಎದ್ದು ಓಡಾಡಿದ ನನ್ನನ್ನು ಅದಕ್ಕೆ ಸಾಕ್ಷಿಗೆ ಕರೆಯಬೇಡಿ. ನನಗೆ ಸಿಕ್ಕಿದ್ದು ಬೇರೆ.

ನತಾಶ ಅಂತ ಒಬ್ಬ ಹುಡುಗಿ ಬರುತ್ತಾಳೆ. ಮೊದಲು ನೋಡಿದಾಗ ಅವಳಿಗೆ 13 ವರ್ಷ. ದೊಡ್ಡವರು ಗಂಭೀರವಾಗಿ ಮಾತಾಡುತ್ತಿರುವ ಕೋಣೆಗೆ ಓಡಿ ಬಂದು, ಲಂಗದ ನೆರಿಗೆಯಲ್ಲಿ ಮುಚ್ಚಿಟ್ಟ ಗೊಂಬೆ ತೋರಿಸುತ್ತಾ ನಗು ತಡೆಯಲಾರದೆ ಒದ್ದಾಡುತ್ತಾಳೆ. ಆಮೇಲೆ ಅವಳ ಮೊದಲ ನೃತ್ಯಕೂಟ. ಒಬ್ಬ ಪೋಲಿಯ ಜೊತೆ ಓಡಿಹೋಗಲು ಹೊರಟಾಗ ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಯುದ್ಧ, ಹೊತ್ತಿ ಉರಿದ ಮಾಸ್ಕೋ, ಒಮ್ಮೆ ತಾನು ಮದುವೆಯಾಗಬೇಕಿದ್ದ, ಈಗ ಸಾಯುತ್ತಿರುವ ಆಂದ್ರೇಯ ಪಕ್ಕದಲ್ಲಿ ಕೂತ ಇದೇ ಹುಡುಗಿ.

ಕೊನೆಗೆ ಬರುವುದು 1820. ನತಾಶ ಈಗ ನಾಲ್ಕು ಮಕ್ಕಳ ತಾಯಿ, ಮೈ ತುಂಬಿಕೊಂಡಿದ್ದಾಳೆ. ಕೂಸಿನ ಬಟ್ಟೆ ಹಿಡಿದು ಖುಷಿಯಿಂದ ಬರುತ್ತಾಳೆ, ಕಲೆ ಹಸಿರಿನಿಂದ ಹಳದಿಗೆ ತಿರುಗಿದೆ, ಮಗು ಹುಷಾರಾಗುತ್ತಿದೆ ಅಂತ ತೋರಿಸಲು. ಅಂಥ ಹುಡುಗಿಯನ್ನು ಟಾಲ್‌ಸ್ಟಾಯ್ ಹೀಗೆ ಮಾಡಿಬಿಟ್ಟನಲ್ಲ ಅಂತ ತುಂಬಾ ಓದುಗರಿಗೆ ಇಲ್ಲಿ ಬೇಜಾರು. ಅದು ತಪ್ಪಲ್ಲ. ಆದರೆ ನನಗೆ ಥಟ್ಟನೆ ಆ ಗೊಂಬೆ ನೆನಪಾಯಿತು. ಅವತ್ತು ಓಡಿ ಬಂದಳಲ್ಲ, ಇವತ್ತೂ ಹಾಗೇ ಬಂದಿದ್ದಾಳೆ, ಕೈಯಲ್ಲಿ ಏನೋ ಹಿಡಿದುಕೊಂಡು. ಗೊಂಬೆ ಓದಿ ಹೆಚ್ಚುಕಡಿಮೆ ಒಂದು ವರ್ಷ ಆಗಿತ್ತು. ನೆಂಟರ ಮನೆಯ ಹುಡುಗಿ ಕಣ್ಣೆದುರೇ ಬೆಳೆದ ಹಾಗೆ ಇತ್ತು.

ಗೆಳೆಯನೊಬ್ಬ ಕೇಳಿದ, 'ಸುಮ್ನೆ ಸಾರಾಂಶ ಓದಿದ್ರೆ ಸಾಕಲ್ವಾ?' ಸಾರಾಂಶದಲ್ಲಿ 'ನತಾಶ ಪಿಯರ್‌ನನ್ನು ಮದುವೆಯಾದಳು' ಅಂತ ಇರುತ್ತದೆ. ಸರಿಯೇ. ಗೊಂಬೆ ಇರುವುದಿಲ್ಲ. ಇದ್ದರೂ ಅದನ್ನು ಮರೆತು ಮತ್ತೆ ನೆನೆಯುವಷ್ಟು ಪುಟಗಳು ಎಲ್ಲಿಂದ ಬರಬೇಕು?

ಅಂದ ಹಾಗೆ, ಎಲ್ಲ ಮುಗಿದ ಮೇಲೆ ಟಾಲ್‌ಸ್ಟಾಯ್ ಇತಿಹಾಸದ ಬಗ್ಗೆ ಇನ್ನೂ 12 ಅಧ್ಯಾಯ ಭಾಷಣ ಮಾಡುತ್ತಾನೆ. ಮೂರನೆಯದರಲ್ಲಿ ನಿದ್ದೆ ಬಂತು. ಹೆಸರಿನ ಹಾಳೆ ಇನ್ನೂ ಅಲ್ಲೇ ಇದೆ, ಗುರುತಿಗೆ.