ಇಪ್ಪತ್ತೈದು ಲಕ್ಷ, ಆರು ಕಾರು

ಕನಸಿನ ಗ್ಯಾರೇಜ್ ಕಟ್ಟೋ ಆಟ ಗೊತ್ತಲ್ವಾ? ಇಷ್ಟು ದುಡ್ಡು ಕೈಯಲ್ಲಿದ್ದರೆ ಯಾವ್ಯಾವ ಕಾರು ತಗೋತೀರಿ ಅನ್ನೋ ಆಟ. ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಮಾತು ಇಲ್ಲಿಗೆ ಬಂದೇ ಬರುತ್ತದೆ. ಆದರೆ ಜಾಸ್ತಿ ಜನ ಇದನ್ನು ಬಜೆಟ್ ಇಲ್ಲದೆ ಆಡುತ್ತಾರೆ. ಫೆರಾರಿ, ಲ್ಯಾಂಬೋರ್ಗಿನಿ, ಪೋರ್ಷೆ ಅಂತ ಮೂರು ಹೆಸರು ಹೇಳಿ ಮುಗಿಸುತ್ತಾರೆ. ಅವರಿಗೆ ನಿಜಕ್ಕೂ ಯಾವ ಕಾರು ಇಷ್ಟ ಅನ್ನೋದು ಅದರಿಂದ ಗೊತ್ತಾಗುವುದೇ ಇಲ್ಲ. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು ಅಂದಾಗ ತಾನೇ ಪ್ರೀತಿ ಎಷ್ಟು ಗಟ್ಟಿ ಅಂತ ತಿಳಿಯೋದು.

ನನ್ನ ಬಜೆಟ್ 25 ಲಕ್ಷ ರೂಪಾಯಿ. ಬೆಂಗಳೂರಿನಲ್ಲಿ ಇವತ್ತು ಮಧ್ಯಮ ಗಾತ್ರದ ಎಸ್‌ಯುವಿಯ ಟಾಪ್ ಮಾಡೆಲ್ ತಗೊಂಡು, ಜೀವಿತಾವಧಿ ತೆರಿಗೆ, ಇನ್ಶೂರೆನ್ಸ್ ಎಲ್ಲ ಕಟ್ಟಿ ರಸ್ತೆಗಿಳಿಸುವ ಹೊತ್ತಿಗೆ ಹತ್ತಿರ ಹತ್ತಿರ ಇಷ್ಟಾಗುತ್ತದೆ. ಆ ಒಂದು ಕಾರಿನ ದುಡ್ಡಲ್ಲಿ ನಾನು ಆರು ಕಾರು ತಗೋತೀನಿ. ಎಲ್ಲವೂ ನಮ್ಮ ರಸ್ತೆಯಲ್ಲಿ ಓಡಿದ ಕಾರುಗಳೇ ಆಗಿರಬೇಕು. ನಮ್ಮ ರಾಜ್ಯದ ನೋಂದಣಿಯೇ ಇರಬೇಕು, ಯಾಕೆಂದರೆ ಹೊರಗಿನಿಂದ ತಂದು ಇಲ್ಲೇ ಇಟ್ಟುಕೊಂಡರೆ ಇಲ್ಲಿನ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಮತ್ತೆ, ಆರಕ್ಕೆ ಆರೂ ಓಡುವ ಸ್ಥಿತಿಯಲ್ಲಿರಬೇಕು. ಬಟ್ಟೆ ಹೊದಿಸಿ ನಿಲ್ಲಿಸಿದ ಕಾರು ನನಗೆ ಬೇಡ.

ಮೊದಲು 6 ಲಕ್ಷ ತೆಗೆದು ಪಕ್ಕಕ್ಕಿಡುತ್ತೇನೆ. ಇದು ರಿಪೇರಿ, ಟೈರು, ಬ್ಯಾಟರಿ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಪ್ರಮಾಣಪತ್ರ), ಇನ್ಶೂರೆನ್ಸ್‌ಗೆ. ಹಳೇ ಕಾರು ತಗೋಬೇಕು ಅನ್ನುವವರಿಗೆ ನಾನು ಯಾವಾಗಲೂ ಹೇಳೋದು ಇದನ್ನೇ. ಕಾರಿನ ಬೆಲೆ ಅನ್ನೋದು ಮೊದಲ ಕಂತು ಅಷ್ಟೇ. ಇರೋ ದುಡ್ಡನ್ನೆಲ್ಲ ಕಾರಿಗೇ ಸುರಿದರೆ, ಆರು ತಿಂಗಳಿಗೆ ಒಂದು ಬ್ರೇಕ್ ಮಾಸ್ಟರ್ ಸಿಲಿಂಡರ್ ಹೋದಾಗ ಕಾರು ಗ್ಯಾರೇಜಿನ ಮೂಲೆ ಸೇರುತ್ತದೆ. ಅಲ್ಲಿಂದ ಎದ್ದು ಬರುವುದು ತುಂಬಾ ಕಷ್ಟ. ಉಳಿದ 19 ಲಕ್ಷದಲ್ಲಿ ಕಾರುಗಳು.

ಮೊದಲ ಹೆಸರು ಡಾಲ್ಫಿನ್. ಹೊಸಬರು ಎಷ್ಟೋ ಜನ ಕೇಳಿಯೇ ಇಲ್ಲ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ತಂದ ಕಾರು ಇದು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನೋ ಪುಟ್ಟ ಕಾರಿನ ವಿನ್ಯಾಸ. ಬಾಡಿ ಪೂರ್ತಿ ಫೈಬರ್. 848 ಸಿಸಿಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್ ಮುಂದೆ, ಓಡಿಸೋದು ಹಿಂದಿನ ಚಕ್ರ. ಎರಡೇ ಬಾಗಿಲು. ಮನೆಮಂದಿಯೆಲ್ಲ ಒಂದೇ ಕಾರಲ್ಲಿ ಹೋಗಬೇಕಿದ್ದ ಕಾಲದಲ್ಲಿ ಎರಡು ಬಾಗಿಲಿನ ಕಾರು ಯಾರು ಕೇಳುತ್ತಾರೆ? ಅಷ್ಟರಲ್ಲಿ 1983ರ ಡಿಸೆಂಬರ್ ಬಂತು, ಮಾರುತಿ 800 ಬಂತು. ಡಾಲ್ಫಿನ್ ಕಥೆ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯಿತು. ಆಮೇಲೆ ಅದೇ ಕಾರಿಗೆ ನಾಲ್ಕು ಬಾಗಿಲಿಟ್ಟು ಮೊಂಟಾನಾ ಅಂತ ತಂದರೂ ಹೊತ್ತು ಮೀರಿತ್ತು.

ಆದರೆ ರೇಸಿನವರಿಗೆ ಅದರ ಬೆಲೆ ಗೊತ್ತಿತ್ತು. ಚೆನ್ನೈ ಹತ್ತಿರದ ಶೋಲಾವರಂ ಟ್ರ್ಯಾಕಿನಲ್ಲಿ ಡಾಲ್ಫಿನ್‌ಗಳು ತಮಗಿಂತ ದೊಡ್ಡ ಕಾರುಗಳ ಬೆವರಿಳಿಸಿದವು. ಕಾರಣ ಒಂದೇ, ತೂಕ. ತಗಡಿನ ಬಾಡಿ ಇಲ್ಲ, ಹಿಂದಿನ ಚಕ್ರದ ಎಳೆತ, ಗಾತ್ರ ಪುಟ್ಟದು. ಫೈಬರ್ ಬಾಡಿಗೆ ತುಕ್ಕಿನ ಭಯವಿಲ್ಲ ಅನ್ನೋದು ಇವತ್ತಿಗೆ ದೊಡ್ಡ ವರ. ತುಕ್ಕು ಹಿಡಿಯೋದು ಕೆಳಗಿನ ಛಾಸಿಗೆ, ಹಾಗಾಗಿ ನೋಡಬೇಕಾದ್ದು ಅದನ್ನು. ಇದಕ್ಕೆ ನಾನು 4 ಲಕ್ಷ ಇಟ್ಟಿದ್ದೇನೆ. ಸಿಕ್ಕರೆ ಪಾಳುಬಿದ್ದ ಸ್ಥಿತಿಯಲ್ಲೇ ಸಿಗೋದು. ಅಂಗಡಿಯಲ್ಲಿ ಪಾರ್ಟ್ಸ್ ಇರಲ್ಲ. ಎಷ್ಟೋ ಸಾಮಾನು ಲೇತ್‌ನಲ್ಲಿ ಹೊಸದಾಗಿ ಕಡೆಸಬೇಕಾಗುತ್ತದೆ. ಆದರೂ ನಮ್ಮ ಊರಲ್ಲಿ ತಯಾರಾದ ಕಾರು ನಮ್ಮ ಊರಲ್ಲೇ ಕಣ್ಣಿಗೆ ಬೀಳಲ್ಲ ಅಂದರೆ ನನಗೆ ಸಂಕಟ ಆಗುತ್ತದೆ.

ಎರಡನೆಯದೂ ಬೆಂಗಳೂರಿನದೇ, ರೇವಾ. 2001ರಲ್ಲಿ, ವಿದ್ಯುತ್ ಕಾರು ಅಂದರೆ ಜನ ಆಟಿಕೆ ಅಂದುಕೊಳ್ಳುತ್ತಿದ್ದ ಕಾಲದಲ್ಲಿ, ಚೇತನ್ ಮೈನಿ ಮತ್ತು ಅವರ ತಂಡ ಇದನ್ನು ಮಾರುಕಟ್ಟೆಗೆ ತಂದರು. ಲಂಡನ್‌ನಲ್ಲಿ ಇದೇ ಕಾರು ಜಿ-ವಿಜ್ ಅನ್ನೋ ಹೆಸರಲ್ಲಿ ಮಾರಾಟವಾಯಿತು. ಸೀಟಿನ ಕೆಳಗೆ ಲೆಡ್ ಆಸಿಡ್ ಬ್ಯಾಟರಿಗಳು, ಮನೆಯ 15 ಆಂಪಿಯರ್ ಪ್ಲಗ್‌ನಲ್ಲೇ ಚಾರ್ಜು, ಒಂದು ಚಾರ್ಜಿಗೆ 80 ಕಿಲೋಮೀಟರ್ ಲೆಕ್ಕ. ಇವತ್ತು ಪ್ರತಿ ಸಿಗ್ನಲ್‌ನಲ್ಲೂ ಹಸಿರು ನಂಬರ್ ಪ್ಲೇಟಿನ ಕಾರು ನಿಂತಿರುತ್ತದೆ. ಆ ದಾರಿಯನ್ನು ಮೊದಲು ತುಳಿದ ಕಾರು ಗುಜರಿಯಲ್ಲಿ ಬಿದ್ದಿರುವುದು ಸರಿಯಲ್ಲ. 2 ಲಕ್ಷ ಇದಕ್ಕೆ. ಅದರಲ್ಲಿ ಮುಕ್ಕಾಲು ಪಾಲು ಬ್ಯಾಟರಿಗೇ ಹೋಗುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಈ ಆಟದಲ್ಲಿ ನಾನು ಇಂಥ ಕಾರುಗಳನ್ನೇ ಆರಿಸಲು ಇದೇ ಕಾರಣ.

ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹಾರಿತು. 2025ರಲ್ಲಿ, 20 ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. ಇನ್ನೊಂದು ಕಡೆ, 2021ರಲ್ಲಿ ಬಂದ ವಿಂಟೇಜ್ ನಿಯಮ ಚೆನ್ನಾಗಿದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಮಾನ್ಯ, ನಂಬರಿನಲ್ಲಿ ವಿಎ ಅನ್ನೋ ಅಕ್ಷರ. ಆದರೆ ಅದು ಸಿಗಬೇಕಾದರೆ ಕಾರಿಗೆ 50 ವರ್ಷ ತುಂಬಿರಬೇಕು.

ಲೆಕ್ಕ ಹಾಕಿ ನೋಡಿ. 1982ರ ಡಾಲ್ಫಿನ್‌ಗೆ ವಿಂಟೇಜ್ ಮರ್ಯಾದೆ ಸಿಗುವುದು 2032ಕ್ಕೆ. ಮೊದಲ ಮಾರುತಿ 800ಗೆ 2033ಕ್ಕೆ. ರೇವಾಗೆ 2051ಕ್ಕೆ! ಅಲ್ಲಿಯವರೆಗೆ ಇವೆಲ್ಲ ಸರ್ಕಾರದ ಕಣ್ಣಲ್ಲಿ ಬರೀ ಹಳೇ ಗಾಡಿಗಳು. ನಮ್ಮ ಕಾರುಗಳು ಸಾಯೋದು ಈ 20ಕ್ಕೂ 50ಕ್ಕೂ ನಡುವಿನ ಕಾಲದಲ್ಲೇ. ರಾಜಮನೆತನದವರ ರೋಲ್ಸ್‌ರಾಯ್ಸ್‌ಗೆ ಏನೂ ಆಗಲ್ಲ. ಅದನ್ನು ನೋಡಿಕೊಳ್ಳಲು ಜನ ಇದ್ದಾರೆ, ದುಡ್ಡಿದೆ. ಮೇಷ್ಟ್ರು, ಬ್ಯಾಂಕ್ ಗುಮಾಸ್ತರು ಸಾಲ ಮಾಡಿ ತಗೊಂಡ ಕಾರುಗಳು ಸದ್ದಿಲ್ಲದೆ ಕೆಜಿ ಲೆಕ್ಕದಲ್ಲಿ ಹೋಗುತ್ತಿವೆ. ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲ ಸ್ವರೂಪದಲ್ಲಿರುವ ಕಾರಿಗೆ ಐತಿಹಾಸಿಕ ಅನ್ನೋ ಬೇರೆ ನಂಬರ್ ಪ್ಲೇಟ್ ಕೊಡುತ್ತಾರೆ. ನಮ್ಮಲ್ಲೂ 30 ವರ್ಷಕ್ಕೆ ಅಂಥದ್ದೊಂದು ಬರಬೇಕು. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಓಡಿಸಿ ಅಂತ ಮಿತಿ ಹಾಕಲಿ, ಹೊಗೆ ತಪಾಸಣೆ ಮಾಡಲಿ, ನನ್ನದೇನೂ ತಕರಾರಿಲ್ಲ. ಹೊಗೆ ಉಗುಳುವ ಗಾಡಿ ದಿನಾ ಓಡಾಡಲಿ ಅಂತ ನಾನು ಹೇಳುತ್ತಿಲ್ಲ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಓಡುವ ಡಾಲ್ಫಿನ್‌ನಿಂದ ಬೆಂಗಳೂರಿನ ಗಾಳಿ ಕೆಡಲ್ಲ.

ಸರಿ, ಗ್ಯಾರೇಜಿಗೆ ವಾಪಸ್ ಬರೋಣ.

ಮೂರನೆಯದು ಮಾರುತಿ ಜಿಪ್ಸಿ, 5 ಲಕ್ಷ. ನನ್ನ ಪಟ್ಟಿಯಲ್ಲಿ ಅತಿ ದುಬಾರಿ ಇದೇ. 1985ರಲ್ಲಿ 970 ಸಿಸಿ ಎಂಜಿನ್ನಿನಲ್ಲಿ ಶುರುವಾಗಿ, 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಆಗಿ, 2019ರವರೆಗೆ ಮಾರಾಟವಾದ ಗಾಡಿ. ನನಗೆ ಬೇಕಾದ್ದು 2000ದ ನಂತರದ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ನಿನದು, 80 ಅಶ್ವಶಕ್ತಿ. ಒಂದು ಟನ್ನಿನ ಒಳಗೇ ತೂಕ, ಫೋರ್ ವೀಲ್ ಡ್ರೈವ್, ಕಡಿದಾದ ಏರಿಗೆ ಲೋ ರೇಂಜ್ ಗೇರು. ಮಳೆಗಾಲದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ಕೆಂಪು ಮಣ್ಣಿನ ಏರಿನಲ್ಲಿ ಹೊಸ ಎಸ್‌ಯುವಿಗಳು ಚಕ್ರ ಜಾರಿಸುತ್ತಾ ನಿಂತಾಗ, ಇದು ಸೆಕೆಂಡ್ ಗೇರಿನಲ್ಲಿ ಸುಮ್ನೆ ಹತ್ತಿ ಹೋಗುತ್ತದೆ. ಸವಾರಿ ಸುಖ ಅಂತ ಯಾರೂ ಹೇಳಲ್ಲ. ಲೀಫ್ ಸ್ಪ್ರಿಂಗು, ಪ್ರತಿ ಹೊಂಡದ ಆಳವೂ ಬೆನ್ನುಮೂಳೆಗೆ ಗೊತ್ತಾಗುತ್ತದೆ. ಆದರೆ ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಈ ಗಾಡಿಯ ನಿಜವಾದ ಕೆಲಸ ಶುರು. ರ‍್ಯಾಲಿಯವರು ದಶಕಗಳ ಕಾಲ ಇದನ್ನೇ ನಂಬಿದ್ದು ಯಾಕೆ ಅಂತ ಒಂದು ಸಲ ಘಾಟಿಯ ಕಚ್ಚಾ ರಸ್ತೆಯಲ್ಲಿ ಓಡಿಸಿದವರಿಗೆ ಗೊತ್ತು. ಪಾರ್ಟ್ಸ್ ಈಗಲೂ ಸಿಗುತ್ತವೆ ಅನ್ನೋದು ಇನ್ನೊಂದು ಸಮಾಧಾನ.

ನಾಲ್ಕನೆಯದು ಪ್ರೀಮಿಯರ್ ಪದ್ಮಿನಿ, ಮೂರೂವರೆ ಲಕ್ಷ. ನಮ್ಮ ಕಡೆ ಯಾರೂ ಇದನ್ನು ಪದ್ಮಿನಿ ಅನ್ನುತ್ತಿರಲಿಲ್ಲ, ಫಿಯೆಟ್ ಅಂತಲೇ ಕರೆಯೋದು. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಗೊಂಡ ಕಾರು. ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ. ಮುಂದೆ ಉದ್ದ ಸೀಟು, ಮೂವರು ಕೂತರೂ ನಡೆಯುತ್ತದೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಎಂಜಿನ್ ಬಿಸಿಯಾಗುವವರೆಗೆ ಕಾದು, ನಿಧಾನಕ್ಕೆ ಒಳಗೆ ತಳ್ಳಬೇಕು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಎಂಜಿನ್ ನಿಂತುಬಿಡುತ್ತದೆ. ಆಗ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಕಾಲು ಗಂಟೆ ಮರದ ಕೆಳಗೆ ಕೂತರೆ ಮತ್ತೆ ಶುರುವಾಗುತ್ತದೆ. ಇದನ್ನು ತೊಂದರೆ ಅನ್ನುವವರು ಅನ್ನಲಿ. ಕಾರಿಗೆ ಏನಾಗುತ್ತಿದೆ ಅಂತ ಓಡಿಸುವವರಿಗೆ ಪೂರ್ತಿ ಅರ್ಥವಾಗುತ್ತಿದ್ದ ಕಾಲ ಅದು, ನನಗೆ ಆ ಸಂಬಂಧ ಬೇಕು. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಅವತ್ತೇ ಈ ಜಾಗ ಪದ್ಮಿನಿಗೆ ಅಂತ ತೀರ್ಮಾನಿಸಿದೆ. ಕೆಎ ಬರುವ ಮುಂಚಿನ ಅಕ್ಷರಗಳ, ಎಂವೈ ಅಥವಾ ಸಿಎ ಎಂದು ಶುರುವಾಗುವ ನಂಬರ್ ಇರುವ ಕಾರು ಸಿಕ್ಕರೆ ಇನ್ನೂ ಒಂದಿಷ್ಟು ಜಾಸ್ತಿ ಕೊಡಲೂ ರೆಡಿ.

ಮಾರುತಿ 800 ಇಲ್ಲದೆ ಗ್ಯಾರೇಜ್ ಹೇಗಾದೀತು? 2 ಲಕ್ಷ ಇದಕ್ಕೆ. 796 ಸಿಸಿ, ಮೂರು ಸಿಲಿಂಡರು, 12 ಇಂಚಿನ ಚಕ್ರ. ಕಾರು ಅಂದರೇನು ಅಂತ ಈ ದೇಶದ ಮಧ್ಯಮ ವರ್ಗಕ್ಕೆ ಹೇಳಿಕೊಟ್ಟಿದ್ದು ಇದು. ಎಂಜಿನ್ ಬಗ್ಗೆ ನನಗೆ ಚಿಂತೆಯಿಲ್ಲ, ಯಾವ ಊರಿನ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸುತ್ತಾನೆ. ನೋಡಬೇಕಾದ್ದು ತಗಡು. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ ಬೆರಳಲ್ಲಿ ಒತ್ತಿ ನೋಡಿ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ಟಾರ್ಚ್ ಬಿಡಿ. ಮುಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗದಲ್ಲಿ ಹೊಸ ಬಣ್ಣ ಬಳಿದಿದ್ದರೆ ಅನುಮಾನಪಡಿ. ಕರಾವಳಿಯಲ್ಲಿ ಇದ್ದ ಕಾರಾದರೆ ಹೊಳಪು ನೋಡಿ ಮರುಳಾಗಬೇಡಿ. ಬಯಲುಸೀಮೆಯ ಕಾರು, ಬಣ್ಣ ಮಾಸಿದ್ದರೂ ಪರವಾಗಿಲ್ಲ, ಮೊದಲು ಅದನ್ನು ನೋಡಿ.

ಆರನೆಯದಕ್ಕೆ ಎರಡೂವರೆ ಲಕ್ಷ ಉಳಿಯಿತು. ಇಲ್ಲಿ ಹೊಂಡಾ ಸಿಟಿ ವಿಟೆಕ್ ಮತ್ತು ಫಿಯೆಟ್ ಪಾಲಿಯೊ 1.6 ನಡುವೆ ತುಂಬಾ ಒದ್ದಾಡಿದೆ. ಸಿಟಿ ವಿಟೆಕ್‌ನ 106 ಅಶ್ವಶಕ್ತಿಯ ಎಂಜಿನ್ ಮೇಲಕ್ಕೆ ಹೋದಷ್ಟೂ ಹಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಪಾಲಿಯೊ ಗೆದ್ದಿತು. 2001ರಲ್ಲಿ, ಪುಟ್ಟ ಕಾರಿಗೆ 60 ಅಶ್ವಶಕ್ತಿಯೇ ಧಾರಾಳ ಅನ್ನುತ್ತಿದ್ದಾಗ, ಫಿಯೆಟ್‌ನವರು 100 ಅಶ್ವಶಕ್ತಿಯ ಹ್ಯಾಚ್‌ಬ್ಯಾಕ್ ಕೊಟ್ಟರು. ಬಾಗಿಲು ಹಾಕಿದರೆ ಧಡ್ ಅನ್ನುವ ಗಟ್ಟಿ ಬಾಡಿ, ತಿರುವಿನಲ್ಲಿ ನೆಲಕ್ಕೆ ಅಂಟಿದ ಹಾಗೆ ಕೂರುವ ಸಸ್ಪೆನ್ಷನ್. ಸಚಿನ್ ತೆಂಡೂಲ್ಕರ್ ಸಹಿಯಿದ್ದ ಎಸ್10 ಅಂತ 500 ಕಾರು ಮಾತ್ರ ಮಾಡಿದ್ದರು, ಅದು ನನ್ನ ಬಜೆಟ್ಟಿಗೆ ಸಿಗಲಿಕ್ಕಿಲ್ಲ. ಮಾಮೂಲಿ ಜಿಟಿಎಕ್ಸ್ ಸಾಕು. ಮೈಲೇಜ್ ಕೇಳಬೇಡಿ. ಮೈಲೇಜ್ ಒಂದನ್ನೇ ನೋಡಿ ಕಾರು ತಗೊಂಡಿದ್ದರಿಂದಲೇ ಇಂಥ ಒಳ್ಳೆಯ ಕಾರನ್ನು ನಾವು ಸೋಲಿಸಿದೆವು.

ಅಲ್ಲಿಗೆ 19 ಲಕ್ಷ ಮುಗಿಯಿತು. ಕಾಂಟೆಸ್ಸಾ ಎಲ್ಲಿ ಅಂತ ಕೇಳುತ್ತೀರಿ, ಗೊತ್ತು. ಇಸುಜು 1.8 ಎಂಜಿನ್ನಿನ ಕಾಂಟೆಸ್ಸಾ ಕ್ಲಾಸಿಕ್, ಐದು ಗೇರು, ಉದ್ದನೆಯ ಬಾನೆಟ್, ನನಗೂ ಪ್ರಾಣ. ಆದರೆ ಒಳ್ಳೆಯದೊಂದು ಬೇಕು ಅಂದರೆ ಡಾಲ್ಫಿನ್, ರೇವಾ ಎರಡನ್ನೂ ಬಿಡಬೇಕು. ಕಾಂಟೆಸ್ಸಾಗೆ ದೇಶದ ತುಂಬ ಅಭಿಮಾನಿಗಳಿದ್ದಾರೆ. ಕೇರಳದಿಂದ ಪಂಜಾಬಿನವರೆಗೆ ಅದನ್ನು ಹುಡುಕಿ, ದುಡ್ಡು ಸುರಿದು, ಹೊಸದರಂತೆ ಮಾಡಿಸುತ್ತಿದ್ದಾರೆ. ಅದು ಉಳಿಯುತ್ತದೆ. ಬೆಂಗಳೂರಿನ ಆ ಎರಡು ಪುಟ್ಟ ಕಾರುಗಳಿಗೆ ಅಷ್ಟು ದಿಕ್ಕಿಲ್ಲ. ಹಾಗಾಗಿ ಕಾಂಟೆಸ್ಸಾ ಬಿಟ್ಟೆ, ಮನಸ್ಸಿಗೆ ನೋವಾದರೂ ಬಿಟ್ಟೆ. ಟಾಟಾ ಸಿಯೆರಾವನ್ನೂ ಬಿಟ್ಟೆ. 1991ರ ಆ ಮೂರು ಬಾಗಿಲಿನ, ಹಿಂದೆ ದೊಡ್ಡ ಗಾಜಿನ ಗಾಡಿಗೆ ಈಗ ಹೊಸ ಅವತಾರ ಬಂದಿದೆ. ಹೆಸರಾದರೂ ಬದುಕಿತು.

ನಿಮ್ಮ 25 ಲಕ್ಷದಲ್ಲಿ ಏನೇನು ಬರುತ್ತೆ ಹೇಳಿ. ರಿಪೇರಿ ದುಡ್ಡು ಮೊದಲೇ ತೆಗೆದಿಡಬೇಕು, ನೆನಪಿರಲಿ.

ಮತ್ತೆ ಇದು ಆಟದ ಮಾತಲ್ಲ. ನಿಮ್ಮ ಮನೆ ಹಿಂದೆಯೋ, ಊರಿನ ದೊಡ್ಡಪ್ಪನ ಶೆಡ್ಡಿನಲ್ಲೋ ಡಾಲ್ಫಿನ್, ಮೊಂಟಾನಾ, ಹಳೇ ರೇವಾ ನಿಂತಿದ್ದರೆ ಗುಜರಿಯವನನ್ನು ಕರೆಯುವ ಮುಂಚೆ ಆರ್‌ಸಿ ಪುಸ್ತಕ ಹುಡುಕಿ. ದಾಖಲೆ ಇದ್ದರೆ ಕಾರನ್ನು ಮತ್ತೆ ಎಬ್ಬಿಸಬಹುದು, ದಾಖಲೆ ಕಳೆದುಹೋದರೆ ಎಷ್ಟು ದುಡ್ಡಿದ್ದರೂ ರಸ್ತೆಗೆ ತರುವುದು ಕಷ್ಟ. ಆಕ್ಸಲ್ ಕೆಳಗೆ ಕಲ್ಲು ಕೊಟ್ಟು ಟೈರು ನೆಲಕ್ಕೆ ತಾಗದ ಹಾಗೆ ಎತ್ತಿಡಿ, ಬ್ಯಾಟರಿ ತೆಗೆದಿಡಿ, ಎಂಜಿನ್ನಿಗೆ ಇಲಿ ಸೇರದ ಹಾಗೆ ನೋಡಿಕೊಳ್ಳಿ. ಆಮೇಲೆ ನನಗೊಂದು ಮಾತು ತಿಳಿಸಿ. ಅದನ್ನು ಓಡಿಸಬಲ್ಲ, ಪ್ರೀತಿಯಿಂದ ನೋಡಿಕೊಳ್ಳಬಲ್ಲ ಜನ ನನಗೆ ಗೊತ್ತು, ಅವರನ್ನು ಕರೆದುಕೊಂಡು ಬರುತ್ತೇನೆ.