ಪಕ್ಷಪಾತ ಸರಿ, ಬೆಣ್ಣೆ ಯಾರದ್ದು?

ಮೊನ್ನೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪದಕ್ಕೆ ಜಗಳ ಆಯಿತು. ಅವ್ವ ತಮ್ಮನಿಗೆ ಒಂದು ಡಬ್ಬಿ ತುಪ್ಪ ಕಳಿಸಿದ್ದಳು, ನನಗೆ ಇಲ್ಲ. ಸುಮ್ನೆ ತಮಾಷೆಗೆ "ಅವ್ವಾ, ಇದು ಪಕ್ಷಪಾತ" ಅಂತ ಹಾಕಿದೆ. ಅವಳು ನಿಜಕ್ಕೂ ನೊಂದುಕೊಂಡಳು. "ಅಕ್ಕರೆಗೆ ಪಕ್ಷಪಾತ ಅಂತೀಯಲ್ಲೋ" ಅಂದಳು.

ಅವತ್ತಿನಿಂದ ಈ ಪದ ತಲೆಯಲ್ಲೇ ಕೂತಿದೆ. ಪಕ್ಷ ಅಂದರೆ ರೆಕ್ಕೆ, ಅದಕ್ಕೇ ರೆಕ್ಕೆ ಇರುವುದು ಪಕ್ಷಿ. ಪಕ್ಷ ಅಂದರೆ ಮಗ್ಗುಲು ಕೂಡ, ನಮ್ಮ 'ಪಕ್ಕ' ಬಂದಿದ್ದೂ ಅದರಿಂದಲೇ. ಪಾತ ಅಂದರೆ ಬೀಳುವುದು. ಒಂದು ಪಕ್ಕಕ್ಕೆ ಬೀಳುವುದು, ಅಷ್ಟೇ. ಸಂಸ್ಕೃತದಲ್ಲಿ ಇದಕ್ಕೆ ಒಲವು ಅನ್ನುವ ಅರ್ಥವೂ ಇದೆ. ಭಾರವಿಯ ಕಿರಾತಾರ್ಜುನೀಯದಲ್ಲಿ ವ್ಯಾಸರು, ಆಸೆ ಬಿಟ್ಟವರಿಗೂ ಒಳ್ಳೆಯವರ ಮೇಲೆ ಪಕ್ಷಪಾತ ಇರುತ್ತದೆ ಅನ್ನುತ್ತಾರೆ. ಅಲ್ಲಿ ಅದು ದೂರಲ್ಲ. ನಾವು ಮಾತ್ರ ದೂರುವುದಕ್ಕೇ ಇಟ್ಟುಕೊಂಡಿದ್ದೇವೆ. ನಮಗೆ ಸಿಕ್ಕರೆ ಅಭಿಮಾನ, ಪಕ್ಕದವನಿಗೆ ಸಿಕ್ಕರೆ ಪಕ್ಷಪಾತ!

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ದಾವಣಗೆರೆಯವನಾದ ನನಗೆ ಆ ಮಾತು ಕೇಳಿದರೆ ದೋಸೆ ಹಂಚೇ ಕಣ್ಣ ಮುಂದೆ ಬರುತ್ತದೆ. ನಾನು ಹೋಗುವ ಹೋಟೆಲಿನಲ್ಲಿ ಮಾಲೀಕರೇ ಹಂಚಿನ ಮುಂದೆ ನಿಲ್ಲುತ್ತಾರೆ. ಹಳೇ ಗಿರಾಕಿ ಕಂಡರೆ ದೋಸೆ ಮೇಲೆ ಇನ್ನೊಂದು ಉಂಡೆ ಬೆಣ್ಣೆ ಬೀಳುತ್ತದೆ. ಹೊಸಬನ ದೋಸೆಗೆ ಹಾಕಬೇಕಾದ್ದು ಏನೂ ಕಡಿಮೆ ಆಗುವುದಿಲ್ಲ. ಅಂಗಡಿ ಅವರದ್ದು, ಬೆಣ್ಣೆ ಅವರದ್ದು. ಇದನ್ನು ನಾನು ಪಕ್ಷಪಾತ ಅನ್ನಲ್ಲ.

ಆದರೆ ಮದುವೆ ಊಟಕ್ಕೆ ಬನ್ನಿ. ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅಂತ ನಗುತ್ತಾ ಹೇಳುತ್ತೇವೆ. ಆ ತುಪ್ಪ ಬಡಿಸುವವನದ್ದಲ್ಲ, ಮದುವೆ ಮನೆಯವರದ್ದು, ಅಲ್ವಾ? ಪಂಕ್ತಿಭೇದ ಅಂತ ಹಿರಿಯರು ಬೈಯುತ್ತಿದ್ದದ್ದು ಇದಕ್ಕೇ. ಸರ್ಕಾರಿ ಕಚೇರಿ ಕೌಂಟರಿನಲ್ಲಿ "ನಮ್ಮ ಹುಡುಗ, ಮೊದಲು ಬಿಡಿ" ಅನ್ನುವವರೂ ಸೌಟು ಹಿಡಿದವರೇ.

ಈಗ ನನ್ನ ಕಷ್ಟ ಕೇಳಿ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿದಾಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬೇರೆ ಆದವು. ಪಟೇಲರ ಚನ್ನಗಿರಿ ತಾಲ್ಲೂಕೂ ಶಿವಮೊಗ್ಗ ಬಿಟ್ಟು ನಮ್ಮ ಕಡೆ ಬಂತು. ನಾನು ಇದನ್ನು ಊರಿನ ಅಭಿಮಾನ ಅನ್ನುತ್ತೇನೆ. ದುರ್ಗದ ನಮ್ಮ ಸೋದರಮಾವ ಪಕ್ಷಪಾತ ಅನ್ನುತ್ತಾರೆ, ಸಿಕ್ಕಾಗೆಲ್ಲ ಇದೇ ವಾದ. ನನ್ನ ಅಳತೆಯಲ್ಲೇ ಅಳೆದರೆ ನಾನು ಸೋತೆ, ಯಾಕೆಂದರೆ ಜಿಲ್ಲೆ ಯಾರ ಮನೆಯ ಬೆಣ್ಣೆಯೂ ಅಲ್ಲ. ಆದರೂ ಹತ್ತಿ ಗಿರಣಿಗಳಿಂದ ಬೆಳೆದ ಇಷ್ಟು ದೊಡ್ಡ ವ್ಯಾಪಾರದ ಊರು ಜಿಲ್ಲೆ ಆಗಲೇಬೇಕಿತ್ತು ಅಂತ ಮಾವನ ಹತ್ತಿರ ಹಟ ಹಿಡಿಯುತ್ತೇನೆ. (ಬಿದ್ದೆ ನೋಡಿ, ಒಂದು ಪಕ್ಕಕ್ಕೆ.)

ಅವ್ವನ ವಿಷಯದಲ್ಲಿ ಮಾತ್ರ ಲೆಕ್ಕ ಸಲೀಸು. ಎಮ್ಮೆ ಅವಳದ್ದು, ತುಪ್ಪ ಅವಳದ್ದು. ತಪ್ಪಾಯ್ತು ಅಂತ ನಿನ್ನೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ, "ನಿಂಗೆ ಎರಡು ಡಬ್ಬಿ ಎತ್ತಿಟ್ಟಿದೀನಿ, ನಿನ್ ತಮ್ಮಂಗೆ ಹೇಳಬೇಡ" ಅಂದಳು.